ಹಸುವಿಗೆ ಹಂದಿಗಿಂತ ತಿಮಿಂಗಿಲ ಹತ್ತಿರ

ಮೂರು ಹೆಸರು ಹೇಳುತ್ತೇನೆ. ಕಾಡುಹಂದಿ, ಮುಳ್ಳುಹಂದಿ, ಚಿಪ್ಪುಹಂದಿ. ಮಲೆನಾಡಿನವರಿಗೆ ಮೂರೂ ಗೊತ್ತು. ಮೊದಲನೆಯದು ಭತ್ತದ ಗದ್ದೆಗೆ ನುಗ್ಗಿ ಹೊರಳಾಡಿ ಹೋಗುತ್ತದೆ. ಎರಡನೆಯದು ರಾತ್ರಿ ಬಂದು ಗೆಣಸು ಅಗೆದು ತಿನ್ನುತ್ತದೆ. ಮೂರನೆಯದನ್ನು ಕಣ್ಣಾರೆ ಕಂಡವರು ಕಡಿಮೆ. ಇರುವೆ, ಗೆದ್ದಲು ತಿಂದುಕೊಂಡು, ಯಾರಾದರೂ ಮುಟ್ಟಿದರೆ ಉಂಡೆಯಾಗಿ ಸುತ್ತಿಕೊಂಡು ಬಿದ್ದಿರುವ ಪಾಪದ ಪ್ರಾಣಿ. ಮೂರನ್ನೂ ನಾವು ಹಂದಿ ಅಂತಲೇ ಕರೆಯುತ್ತೇವೆ. ಆದರೆ ಈ ಮೂರರಲ್ಲಿ ಹಂದಿ ಒಂದೇ.

ಮುಳ್ಳುಹಂದಿ ಇಲಿಯ ಕಡೆಯದು. ಬಾಯಿ ನೋಡಿದರೆ ಸಾಕು. ಮುಂದೆ ಉಳಿಯಂಥ ಹಲ್ಲುಗಳು. ಬದುಕಿರುವಷ್ಟು ದಿನ ಅವು ಬೆಳೆಯುತ್ತಲೇ ಇರುತ್ತವೆ, ಹಾಗಾಗಿ ಅದು ಸದಾ ಏನನ್ನಾದರೂ ಕಡಿಯುತ್ತಿರಬೇಕು. ಇಲಿ, ಹೆಗ್ಗಣ, ಅಳಿಲು ಇವೇ ಅದರ ನೆಂಟರು. ಚಿಪ್ಪುಹಂದಿಗಾದರೆ ಹಲ್ಲೇ ಇಲ್ಲ. ಅದರ ಹತ್ತಿರದ ನೆಂಟರು ಯಾರು ಗೊತ್ತಾ? ನಾಯಿ, ಬೆಕ್ಕು, ಹುಲಿ, ಕರಡಿ ಇರುವ ಗುಂಪು. ಇನ್ನು ನಿಜವಾದ ಹಂದಿ, ಕಾಡುಹಂದಿ. ಅದರ ದೂರದ ದಾಯಾದಿಗಳ ಪಟ್ಟಿಯಲ್ಲಿ ಹಸು ಇದೆ, ಜಿಂಕೆ ಇದೆ, ನೀರಾನೆ ಇದೆ. ಕಡೆಗೆ ತಿಮಿಂಗಿಲವೂ ಇದೆ. ಇನ್ನೂ ಒಂದು ಮಾತು ಸೇರಿಸುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಕೊಟ್ಟಿಗೆಯಲ್ಲಿ ಕಟ್ಟಿರುವ ನಿಮ್ಮ ಹಸುವಿಗೆ ಹಂದಿಗಿಂತ ತಿಮಿಂಗಿಲವೇ ಹತ್ತಿರದ ನೆಂಟ. ಯಾಕೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಹಾಗಂತ ಮುಳ್ಳುಹಂದಿ ಅಂತ ಹೆಸರಿಟ್ಟ ನಮ್ಮ ಹಿರಿಯರು ದಡ್ಡರಲ್ಲ. ಅವರ ಲೆಕ್ಕ ಬೇರೆ. ನಿಮ್ಮ ಮನೆಯ ಒಗ್ಗರಣೆ ಡಬ್ಬಿ ತೆಗೆದು ನೋಡಿ. ಸಾಸಿವೆ, ಜೀರಿಗೆ, ಮೆಂತೆ, ಒಣಮೆಣಸು ಪಕ್ಕಪಕ್ಕ ಇರುತ್ತವೆ. ಕೈಗೆ ಒಟ್ಟಿಗೆ ಸಿಗಬೇಕು ಅಂತ ಹಾಗೆ ಇಟ್ಟಿರುತ್ತೀರಿ. ಆದರೆ ಸಾಸಿವೆ ಮೂಲಂಗಿಯ ಕುಟುಂಬ. ಜೀರಿಗೆ ಕೊತ್ತಂಬರಿ, ಕ್ಯಾರೆಟ್‌ಗಳ ಕುಟುಂಬ. ಮೆಂತೆ ಹುರುಳಿ, ತೊಗರಿಗಳ ಕಡೆಯದು. ಮೆಣಸಿನಕಾಯಿ ಬದನೆ, ಟೊಮೆಟೊ, ಹೊಗೆಸೊಪ್ಪುಗಳ ಬಳಗ. ಕಾಳುಮೆಣಸಿಗೂ ಮೆಣಸಿನಕಾಯಿಗೂ ಖಾರವೊಂದು ಬಿಟ್ಟರೆ ಏನೇನೂ ಸಂಬಂಧವಿಲ್ಲ. ಕಾಳುಮೆಣಸಿನ ಖಾಸಾ ದಾಯಾದಿ ಯಾರು ಅಂದರೆ ಊಟ ಆದ ಮೇಲೆ ನೀವು ಸುಣ್ಣ ಹಚ್ಚಿ ಮಡಚುವ ವೀಳ್ಯದೆಲೆ. ತೋಟದವರಿಗೆ ಇದು ಮೊದಲೇ ಹೊಳೆದಿರುತ್ತದೆ. ಎರಡೂ ಬಳ್ಳಿ, ಎರಡೂ ಗಿಣ್ಣಿನಲ್ಲಿ ಬೇರು ಬಿಟ್ಟು ಮರ ಹತ್ತುತ್ತವೆ, ಎಲೆ ಕೂಡ ಹೆಚ್ಚುಕಡಿಮೆ ಒಂದೇ ಆಕಾರ.

ಕೆಲವು ಕಡೆ ನಮ್ಮ ಮಾತೇ ಸರಿಯಾಗಿದೆ. ಎಲೆಕೋಸು, ಹೂಕೋಸು, ನವಿಲುಕೋಸು. ನೋಡಲು ಒಂದಕ್ಕೊಂದು ಹೋಲಿಕೆಯೇ ಇಲ್ಲ, ಅಲ್ವಾ? ಆದರೂ ಮೂರಕ್ಕೂ ಕೋಸು ಅಂದರು. ವಿಜ್ಞಾನವೂ ಅದನ್ನೇ ಹೇಳುತ್ತದೆ. ಮೂರೂ ಒಂದೇ ಪ್ರಭೇದ, ಮನುಷ್ಯ ಬೇರೆಬೇರೆ ಭಾಗ ದಪ್ಪವಾಗುವಂತೆ ಆರಿಸಿ ಬೆಳೆಸಿದ ತಳಿಗಳು. ಅಪ್ಪೆಮಿಡಿ, ರಸಪುರಿ, ಬಾದಾಮಿ ಎಲ್ಲ ಒಂದೇ ಮಾವಿನ ತಳಿಗಳಾಗಿರುವ ಹಾಗೆ.

ಒಗ್ಗರಣೆ ಡಬ್ಬಿ ಕೇಳುವ ಪ್ರಶ್ನೆ, ಇದು ಯಾವುದಕ್ಕೆ ಬೇಕು? ಜೀವಶಾಸ್ತ್ರಜ್ಞ ಕೇಳುವ ಪ್ರಶ್ನೆ ಬೇರೆ. ಹಳ್ಳಿಯಲ್ಲಿ ಹೊಸ ಹುಡುಗ ಕಂಡರೆ ಅಜ್ಜಂದಿರು ಏನು ಕೇಳುತ್ತಾರೆ? ಹೆಸರು ಕೇಳುವುದು ಆಮೇಲೆ. ಮೊದಲ ಪ್ರಶ್ನೆಯೇ "ನೀನು ಯಾರ ಮನೆಯವನೋ?" ಇವತ್ತಿನ ವರ್ಗೀಕರಣ ಪೂರ್ತಿ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಮೊದಲು ಹೀಗಿರಲಿಲ್ಲ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಗಿಡಗಳಿಗೂ 1758ರಲ್ಲಿ ಪ್ರಾಣಿಗಳಿಗೂ ಎರಡೆರಡು ಪದದ ಹೆಸರು ಕೊಟ್ಟ. ಅಲ್ಲಿಯವರೆಗೆ ಒಂದು ಗಿಡದ ಹೆಸರು ಅಂದರೆ ಒಂದು ಇಡೀ ಲ್ಯಾಟಿನ್ ವಾಕ್ಯ. ಇವನು ಅದನ್ನು ಮೊಟಕು ಮಾಡಿದ. ಮಾವಿಗೆ ಮ್ಯಾಂಜಿಫೆರಾ ಇಂಡಿಕಾ. ಕಾಡುಹಂದಿಗೆ ಸುಸ್ ಸ್ಕ್ರೋಫಾ. ಕರಾವಳಿಯಲ್ಲಿ ಮನೆ ಹೆಸರು ಮೊದಲು, ಆಮೇಲೆ ಆಳಿನ ಹೆಸರು ಹೇಳುವ ರೂಢಿ ಇದೆಯಲ್ಲ, ಹಾಗೆಯೇ. ಸುಸ್ ಅನ್ನುವುದು ಮನೆತನ, ಸ್ಕ್ರೋಫಾ ಆ ಮನೆಯ ಒಬ್ಬ. ನಮ್ಮ ಪಠ್ಯಪುಸ್ತಕಗಳಲ್ಲಿ ಮೊದಲನೆಯದಕ್ಕೆ ಜಾತಿ, ಎರಡನೆಯದಕ್ಕೆ ಪ್ರಭೇದ ಅಂತ ಹೆಸರು. ನಾನು ಪಾಠ ಮಾಡುವಾಗ "ಮಾವಿನ ಜಾತಿ ಯಾವುದು?" ಅಂತ ಕೇಳಿದರೆ ಹಿಂದಿನ ಬೆಂಚಿನಿಂದ ಪ್ರತಿ ವರ್ಷವೂ ಒಂದು ಕುಚೋದ್ಯದ ಉತ್ತರ ಬರುತ್ತಿತ್ತು. ಈ ಪದ ಆರಿಸಿದವರು ಇನ್ನೊಂಚೂರು ಯೋಚಿಸಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಜಾತಿಯ ಮೇಲೆ ಕುಟುಂಬ, ಅದರ ಮೇಲೆ ಗಣ, ವರ್ಗ, ವಂಶ, ಸಾಮ್ರಾಜ್ಯ. ಇದನ್ನು ಬಾಯಿಪಾಠ ಮಾಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಮೂರು ಹಂದಿಗಳನ್ನೇ ತಗೊಳ್ಳಿ. ಪ್ರಭೇದ ಬೇರೆ, ಜಾತಿ ಬೇರೆ, ಕುಟುಂಬ ಬೇರೆ, ಗಣವೂ ಬೇರೆ. ಸಸ್ತನಿ ಅನ್ನುವ ವರ್ಗಕ್ಕೆ ಬಂದ ಮೇಲೆ ಮೂರೂ ಒಂದೇ ಸೂರಿನ ಕೆಳಗೆ ಸೇರುತ್ತವೆ. ಆ ಸೂರಿನ ಕೆಳಗೆ ನಾವೂ ಇದ್ದೇವೆ. ಅಂದರೆ ಮುಳ್ಳುಹಂದಿ ಹಂದಿ ಅನ್ನುವುದೂ ನಾನು ಹಂದಿ ಅನ್ನುವುದೂ ಹತ್ತಿರಹತ್ತಿರ ಒಂದೇ ಆಯಿತು.

ಲಿನೇಯಸ್ ಒಳ್ಳೆಯ ಕಣ್ಣಿದ್ದ ಮನುಷ್ಯ. 1735ರ ಮೊದಲ ಮುದ್ರಣದಲ್ಲಿ ತಿಮಿಂಗಿಲವನ್ನು ಮೀನಿನ ಜೊತೆ ಇಟ್ಟಿದ್ದವನು 1758ರಲ್ಲಿ ತಾನೇ ಅದನ್ನು ಸಸ್ತನಿಗಳ ಜೊತೆಗೆ ತಂದ. ಬಿಸಿ ರಕ್ತ, ಶ್ವಾಸಕೋಶ, ಮರಿಗೆ ಹಾಲು. ಮೀನು ಹೇಗಾಗುತ್ತದೆ? ಆದರೆ ಅದೇ ಪುಸ್ತಕದಲ್ಲಿ ಬಾವಲಿಯನ್ನು ಮನುಷ್ಯ ಮತ್ತು ಕೋತಿಗಳ ಗಣಕ್ಕೇ ಸೇರಿಸಿಬಿಟ್ಟ. ಗಿಡಗಳಲ್ಲಂತೂ ಹೂವಿನ ಕೇಸರ ಎಣಿಸಿ ಕೋಣೆ ಹಂಚಿದ. ಐದು ಕೇಸರ ಅಂದರೆ ಐದರ ಕೋಣೆ. ಕಾಫಿ, ಬದನೆ, ಹೊಗೆಸೊಪ್ಪು, ಮಾವು ಎಲ್ಲ ಅಲ್ಲಿ. ಗೇರು ಮಾತ್ರ ಬೇರೆ ಕೋಣೆಗೆ ಹೋಯಿತು. ಗಿಡ ಗುರುತಿಸುವುದಕ್ಕೆ ಇದು ತುಂಬ ಸುಲಭದ ದಾರಿ. ಶಾಲೆಯಲ್ಲಿ ಮಕ್ಕಳನ್ನು ರೋಲ್ ನಂಬರಿನ ಪ್ರಕಾರ ಕೂರಿಸಿದ ಹಾಗೆ. ಹುಡುಕಿದರೆ ತಕ್ಷಣ ಸಿಗುತ್ತಾರೆ, ಆದರೆ ಪಕ್ಕದಲ್ಲಿ ಕೂತವರು ಅಣ್ಣತಮ್ಮಂದಿರೇ ಆಗಿರಬೇಕು ಅಂತ ಏನಿಲ್ಲ.

ಈಗ ಮಾವು, ಗೇರಿನ ವಿಷಯ. ಎಳೆ ಮಾವಿನಕಾಯಿಯ ತೊಟ್ಟು ಮುರಿದಾಗ ಸೊನೆ ಚಿಮ್ಮುತ್ತದಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಚಿಕ್ಕಂದಿನಲ್ಲಿ ಹಲ್ಲಿನಿಂದಲೇ ತೊಟ್ಟು ಕಚ್ಚಿ ಉಗಿದು, ತುಟಿಯ ಮೂಲೆ ಸುಟ್ಟುಕೊಂಡು, ಕಪ್ಪು ಕಲೆ ಹೊತ್ತು ಶಾಲೆಗೆ ಹೋದವನು ನಾನು. ಅಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತಾ ಬೈಯುತ್ತಿದ್ದಳು. ಅಪ್ಪೆಮಿಡಿ ಕೊಳ್ಳುವವರು ತೊಟ್ಟು ಮುರಿದು ಮೂಸುವುದೂ ಇದೇ ಸೊನೆಯನ್ನು. ಇನ್ನು ಗೇರುಬೀಜ. ಹಸಿ ಬೀಜ ಸುಡುವಾಗ ಸಿಪ್ಪೆಯಿಂದ ಎಣ್ಣೆ ಸಿಡಿಯುತ್ತದೆ. ಕೈಗೆ ಬಿತ್ತೋ, ಬೊಬ್ಬೆ ಎದ್ದು ಚರ್ಮ ಸುಲಿಯುತ್ತದೆ. ಮೂರನೆಯದು ಕಾಡಿನ ಕರಿಗೇರು. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರಲ್ಲ, ಎಷ್ಟು ಒಗೆದರೂ ಹೋಗದ ಆ ಕರಿ ಗುರುತು ಕರಿಗೇರಿನ ರಸದ್ದು. ಅದು ಮೈಗೆ ತಾಗಿದರೂ ಇದೇ ಕಥೆ, ಇನ್ನೂ ಜೋರಾಗಿ. ಮೂರೂ ಸುಡುವುದು ಒಂದೇ ಬಗೆಯ ರಾಸಾಯನಿಕಗಳಿಂದ. ಮೂರೂ ಒಂದೇ ಕುಟುಂಬ. ಅಮೆರಿಕದ ಕಾಡಿನಲ್ಲಿ ಪಾಯ್ಸನ್ ಐವಿ ಅನ್ನುವ ತುರಿಕೆ ಬಳ್ಳಿ ಇದೆ, ಅದೂ ಇದೇ ಮನೆಯದು. ಆ ಬಳ್ಳಿ ಆಗಿಬಾರದವರಿಗೆ ಮಾವಿನ ಸಿಪ್ಪೆ ತಾಗಿದರೂ ತುಟಿ ಊದುವುದುಂಟು. ಗೇರು ಬ್ರೆಜಿಲ್ ಕಡೆಯ ಮರ, ಪೋರ್ಚುಗೀಸರು ಹಡಗಿನಲ್ಲಿ ತಂದಿದ್ದು. ಸಮುದ್ರದ ಆಚೆ ಈಚೆ ಬೆಳೆದ ದಾಯಾದಿಗಳು ಕರಾವಳಿಯ ಒಂದೇ ಗುಡ್ಡದ ಮೇಲೆ ಬಂದು ಸೇರಿದವು, ಸೊನೆ ಮಾತ್ರ ಇಬ್ಬರಲ್ಲೂ ಉಳಿದಿತ್ತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸೊನೆ, ಹಾಲು ಬಂದರೆಲ್ಲ ನೆಂಟರು ಅಂದುಕೊಂಡರೆ ಮೋಸ ಹೋಗುತ್ತೀರಿ. ಹಲಸು, ಆಲ, ಅರಳಿ, ಅತ್ತಿ, ಹಿಪ್ಪುನೇರಳೆ ಇವುಗಳಲ್ಲೆಲ್ಲ ಹಾಲು ಬರುತ್ತದೆ, ಇವೆಲ್ಲ ಒಂದೇ ಕುಟುಂಬ, ಸರಿ. ಆದರೆ ಎಕ್ಕದಲ್ಲೂ ಹಾಲು ಬರುತ್ತದೆ, ಕಳ್ಳಿಯಲ್ಲೂ ಬರುತ್ತದೆ, ಪಪ್ಪಾಯಿಯಲ್ಲೂ ಬರುತ್ತದೆ. ಅವು ಮೂರೂ ಬೇರೆಬೇರೆ ಕುಟುಂಬಗಳು. ಕೀಟ ತಿನ್ನದಿರಲಿ ಅಂತ ಒಂದೊಂದೂ ತನ್ನ ಪಾಡಿಗೆ ತಾನು ಅದೇ ಉಪಾಯಕ್ಕೆ ಬಂದಿವೆ. ಹಕ್ಕಿಗೂ ಬಾವಲಿಗೂ ರೆಕ್ಕೆ ಇರುವ ಹಾಗೆ.

ಹಾಗಾದರೆ ಯಾವ ಹೋಲಿಕೆ ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ? ಡಾರ್ವಿನ್ 1859ರಲ್ಲೇ ವರ್ಗೀಕರಣ ಅಂದರೆ ವಂಶಾವಳಿ ಆಗಬೇಕು ಅಂತ ಹೇಳಿದ್ದ. ಹೇಗೆ ಮಾಡುವುದು ಅನ್ನುವ ಪಕ್ಕಾ ದಾರಿ ತೋರಿಸಿದ್ದು ಜರ್ಮನಿಯ ವಿಲ್ಲಿ ಹೆನ್ನಿಗ್, 1950ರಲ್ಲಿ. ಈತ ನೊಣಗಳ ಪಂಡಿತ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಸೆರೆಯಾಳಾಗಿದ್ದಾಗ ಕೂತು ಬರೆಯಲು ಶುರುಮಾಡಿದ ಪುಸ್ತಕ ಅದು.

ಅವನ ತರ್ಕವನ್ನು ನಮ್ಮ ಮನೆಯ ಉದಾಹರಣೆಯಲ್ಲೇ ಹೇಳುತ್ತೇನೆ. ನಮ್ಮ ಅಜ್ಜಿಗೆ ಕಿವಿಯ ಬುಡದಲ್ಲಿ, ಕೆನ್ನೆಯ ಕಡೆಗೆ, ಸೂಜಿ ಚುಚ್ಚಿದಷ್ಟು ಒಂದು ತೂತಿತ್ತು. ಹುಟ್ಟಿನಿಂದಲೇ ಬಂದದ್ದು. ನನ್ನ ಅಪ್ಪನಿಗೂ ಇತ್ತು, ನನಗೂ ಇದೆ, ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವವರು ಬೇಕಾದರೆ ಆಮೇಲೆ ನೋಡಬಹುದು. ಒಂದು ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಪಕ್ಕ ಕೂತ ಅಪರಿಚಿತ ಹುಡುಗನ ಕಿವಿಯಲ್ಲಿ ಅದೇ ತೂತು ಕಂಡಿತು. ವಿಚಾರಿಸಿದರೆ ಅಜ್ಜಿಯ ತಂಗಿಯ ಮೊಮ್ಮಗ! ಈಗ ನೋಡಿ, ಅವನಿಗೆ ಎರಡು ಕಣ್ಣಿತ್ತು, ನನಗೂ ಎರಡು ಕಣ್ಣಿದೆ. ಅದರಿಂದ ಏನೂ ಗೊತ್ತಾಗುವುದಿಲ್ಲ, ಪಂಕ್ತಿಯಲ್ಲಿದ್ದ ಎಲ್ಲರಿಗೂ ಎರಡೇ ಕಣ್ಣು. ತೀರಾ ಹಿಂದಿನಿಂದ ಎಲ್ಲರಿಗೂ ಬಂದ ಗುಣ ಸಾಕ್ಷಿಯಲ್ಲ. ಒಂದು ಕವಲಿನಲ್ಲಿ ಹೊಸದಾಗಿ ಹುಟ್ಟಿ, ಆ ಕವಲಿನವರಿಗೆ ಮಾತ್ರ ದಾಟಿ ಬಂದ ಗುಣ ಸಾಕ್ಷಿ. ಹೆನ್ನಿಗ್ ಹೇಳಿದ್ದು ಇಷ್ಟೇ. ಒಂದೇ ತೂತು ನೋಡಿ ತೀರ್ಪು ಕೊಡಬೇಡಿ, ಅಂಥ ಹತ್ತಾರು ಗುರುತುಗಳು ಒಂದೇ ದಿಕ್ಕು ತೋರಿಸಬೇಕು ಅನ್ನುವುದು ಅದರ ಜೊತೆಗಿನ ಮಾತು. ಈಗ ಡಿಎನ್ಎ ಓದುವುದರಿಂದ ಗುರುತುಗಳು ಸಾವಿರಗಟ್ಟಲೆ ಸಿಗುತ್ತವೆ, ತರ್ಕ ಮಾತ್ರ ಅದೇ.

ಈ ತರ್ಕ ಹಿಡಿದು ಹೊರಟಾಗ ಬೇಕಾದಷ್ಟು ಹಳೆ ಗೋಡೆಗಳು ಬಿದ್ದವು. ಮೊಸಳೆಗೆ ಹಲ್ಲಿಗಿಂತ ಕೋಳಿ ಹತ್ತಿರ ಅಂತ ಆಯಿತು. ನಮ್ಮ ಆನೆಗೆ ಆಫ್ರಿಕಾದ ಆನೆಗಿಂತ, ಎಂದೋ ಅಳಿದುಹೋದ ಆನೆಯಂಥ ಪ್ರಾಣಿ ಮ್ಯಾಮತ್ ಹತ್ತಿರ ಅಂತ ಆಯಿತು. ಅಣಬೆ ಗಿಡವಲ್ಲ ಅನ್ನುವುದು ನಿಮಗೆ ಗೊತ್ತಿರಬಹುದು. ಅದು ಗಿಡಕ್ಕಿಂತ ಪ್ರಾಣಿಗಳಿಗೆ ಹತ್ತಿರ ಅನ್ನುವುದನ್ನು ಒಮ್ಮೆ ಒಂದು ಊಟದ ಮನೆಯಲ್ಲಿ ಹೇಳಿ, ಪಕ್ಕದ ಸಸ್ಯಾಹಾರಿಗಳೊಬ್ಬರು ತಟ್ಟೆ ಸರಿಸುವಂತೆ ಮಾಡಿದ್ದೆ. ಸುಮ್ನೆ ಇರಬಹುದಿತ್ತು.

ತಿಮಿಂಗಿಲಕ್ಕೆ ಬರೋಣ. ಅದು ಸಸ್ತನಿ ಅಂತ ಲಿನೇಯಸ್ ಹೇಳಿದ, ಸರಿ, ಆದರೆ ಯಾವ ಸಸ್ತನಿಯ ಮನೆಯದು? ಎ. ರಂಗರಾವ್ ಅನ್ನುವ ಭೂವಿಜ್ಞಾನಿ ಜಮ್ಮು ಕಾಶ್ಮೀರದ ಕಾಲಾಕೋಟ್ ಹತ್ತಿರ ಒಂದಷ್ಟು ಕಲ್ಲು ಕೂಡಿಹಾಕಿದ್ದರು. ಅದರಲ್ಲಿ ಸಿಕ್ಕ ಹಲ್ಲು, ದವಡೆಯ ಚೂರು ನೋಡಿ 1971ರಲ್ಲಿ ಆ ಪ್ರಾಣಿಗೆ ಇಂಡೊಹ್ಯುಸ್ ಅಂತ ಹೆಸರಿಟ್ಟರು. ಅರ್ಥ ಏನು ಗೊತ್ತಾ? ಭಾರತದ ಹಂದಿ! ಅವರು ತೀರಿಕೊಂಡಾಗ ಇನ್ನೂ ಒಡೆಯದ ಕಲ್ಲುಗಳು ಬೇಕಾದಷ್ಟು ಉಳಿದಿದ್ದವು. ಅವರ ಹೆಂಡತಿ ಆ ಕಲ್ಲುಗಳನ್ನು ಹಾನ್ಸ್ ಥೆವಿಸ್ಸನ್ ಎಂಬ ವಿಜ್ಞಾನಿಗೆ ಕೊಟ್ಟರು. ಅಲ್ಲಿ ಕೆಲಸ ಮಾಡುವಾಗ ಸಹಾಯಕನ ಕೈತಪ್ಪಿ ಒಂದು ತಲೆಬುರುಡೆ ಒಡೆಯಿತು. ಒಳಗೆ ಕಿವಿಯ ಮೂಳೆ ಕಂಡಿತು. ಅದರ ಒಂದು ಬದಿ ದಪ್ಪಗೆ ಉಬ್ಬಿಕೊಂಡಿತ್ತು. ಅಂಥ ಕಿವಿಯ ಮೂಳೆ ಅಲ್ಲಿಯವರೆಗೆ ಕಂಡಿದ್ದು ತಿಮಿಂಗಿಲದ ಬಳಗದಲ್ಲಿ ಮಾತ್ರ. ಮತ್ತೆ ಕಿವಿಯೇ, ನೋಡಿ. ನಮ್ಮ ಅಜ್ಜಿಯ ಮನೆಯ ಹಾಗೆ.

2007ರಲ್ಲಿ ಇದು ಪ್ರಕಟವಾಯಿತು. ಸುಮಾರು 4.8 ಕೋಟಿ ವರ್ಷ ಹಿಂದಿನ, ಬೆಕ್ಕಿನಷ್ಟು ದೊಡ್ಡ, ಪುಟ್ಟ ಜಿಂಕೆಯಂಥ ಕಾಲಿನ, ನೀರಿನಲ್ಲಿ ಓಡಾಡುತ್ತಿದ್ದ ಗೊರಸಿನ ಪ್ರಾಣಿ. ತಿಮಿಂಗಿಲದ ಹಿರಿಯರಿಗೆ ತೀರ ಹತ್ತಿರದ ಬಳಗ. ಇದಕ್ಕೂ ಮುಂಚೆ, 2001ರಲ್ಲಿ, ಪಾಕಿಸ್ತಾನದಲ್ಲಿ ಸಿಕ್ಕ ಕಾಲಿದ್ದ ಹಳೆಯ ತಿಮಿಂಗಿಲಗಳ ಹರಡಿನ ಮೂಳೆ ಹಸು, ಜಿಂಕೆ, ಹಂದಿಗಳಲ್ಲಿ ಮಾತ್ರ ಇರುವ ರಾಟೆಯಂಥ ಆಕಾರದ್ದು ಅಂತ ಗೊತ್ತಾಗಿತ್ತು. ಡಿಎನ್ಎ ಕೂಡ ಅದನ್ನೇ ಹೇಳುತ್ತಿತ್ತು. ಈ ಬಳಗದ ಮರದಲ್ಲಿ ಹಂದಿಯ ಕೊಂಬೆ ಮೊದಲೇ ಬೇರೆಯಾಯಿತು. ಆಮೇಲೆ ಹಸು, ಜಿಂಕೆಗಳ ಕೊಂಬೆ ಒಂದು ಕಡೆ, ನೀರಾನೆ ಮತ್ತು ತಿಮಿಂಗಿಲದ ಕೊಂಬೆ ಇನ್ನೊಂದು ಕಡೆ. ಹಸುವಿಗೆ ಹಂದಿಗಿಂತ ತಿಮಿಂಗಿಲ ಹತ್ತಿರ ಅಂದಿದ್ದು ಇದಕ್ಕೇ.

ಒಂದು ಪ್ರಾಣಿಗೆ ಹೆಸರಿಟ್ಟರೆ ಸಾಲದು, ಆ ಹೆಸರು ಯಾರದ್ದು ಅನ್ನುವುದಕ್ಕೆ ಒಂದು ಮೂಲ ಮಾದರಿ ಎಲ್ಲೋ ಒಂದು ಕಡೆ ಬಾಟಲಿಯಲ್ಲೋ ಪೆಟ್ಟಿಗೆಯಲ್ಲೋ ಇರಬೇಕು. ಹೊಲದ ಬಾಂದುಕಲ್ಲಿನ ಹಾಗೆ. ಅದು ತಪ್ಪಿದರೆ ರಗಳೆ. ಲಿನೇಯಸ್ ಏಷ್ಯಾದ ಆನೆಗೆ ಹೆಸರಿಡುವಾಗ ನೋಡಿದ್ದರಲ್ಲಿ ಬಾಟಲಿಯಲ್ಲಿದ್ದ ಒಂದು ಆನೆಯ ಭ್ರೂಣವೂ ಇತ್ತು. ಅದು ಆಫ್ರಿಕಾದ ಆನೆಯದು ಅಂತ 2013ರಲ್ಲಿ ತೀರ್ಮಾನವಾಗಿ, ಮೂಲ ಮಾದರಿಯನ್ನೇ ಬದಲಿಸಬೇಕಾಯಿತು.

ನಮ್ಮಲ್ಲೂ ಇಂಥ ಕಥೆ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಿ. ಆರ್. ನಾರಾಯಣರಾವ್ ಅಂತ ಪ್ರಾಣಿಶಾಸ್ತ್ರದ ಪ್ರೊಫೆಸರ್ ಇದ್ದರು. 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. ಅವರು 1937ರಲ್ಲಿ ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರದ ಒಂದು ಕಪ್ಪೆಗೆ ಆ ಊರಿನ ಹೆಸರನ್ನೇ ಇಟ್ಟರು. ಕೊಟ್ಟಿಗೆಹಾರ ಅಂದರೆ ನಮಗೆ ಚಾರ್ಮಾಡಿ ಘಾಟಿ ಇಳಿಯುವ ಮುಂಚೆ ತಿನ್ನುವ ನೀರುದೋಸೆ. ಕಪ್ಪೆ ತಿಳಿದವರಿಗೆ ಅದು ಕುಣಿಯುವ ಕಪ್ಪೆಯ ಊರು. ತೊರೆಯ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳುವುದಿಲ್ಲವಲ್ಲ, ಗಂಡು ಕಪ್ಪೆ ಹಿಂಗಾಲನ್ನು ಉದ್ದಕ್ಕೆ ಚಾಚಿ ಬೀಸುತ್ತದೆ. ಬಾವುಟ ತೋರಿಸಿದ ಹಾಗೆ. ರಾಯರು ಇದನ್ನು ಪೊದೆಗಪ್ಪೆಗಳ ಜಾತಿಯಲ್ಲಿ ಇಟ್ಟಿದ್ದರು. ಆಮೇಲೆ ಬಂದವರು ಅಲ್ಲಿಂದ ಎತ್ತಿ ತೊರೆಯ ಕಪ್ಪೆಗಳ ಜಾತಿಯಾದ ಮೈಕ್ರಿಕ್ಸಾಲಸ್‌ಗೆ ತಂದರು. ರಾಯರ ಮೂಲ ಮಾದರಿಗಳು ಕಳೆದುಹೋಗಿವೆ. ಅಂಥ ಹೊತ್ತಿನಲ್ಲಿ ಊರಿನ ಹೆಸರೇ ಸಾಕ್ಷಿ. 2014ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಈ ಕುಣಿಯುವ ಕಪ್ಪೆಗಳಲ್ಲಿ ಇನ್ನೂ 14 ಹೊಸ ಪ್ರಭೇದಗಳನ್ನು ಗುರುತಿಸಿದರು. ಗೊದಮೊಟ್ಟೆಯೇ ಆಗದೆ ಮೊಟ್ಟೆಯಿಂದ ನೇರ ಪುಟ್ಟ ಕಪ್ಪೆಯಾಗಿ ಹೊರಬರುವ ಪೊದೆಗಪ್ಪೆಗಳ ಒಂದು ಜಾತಿಗೆ 2010ರಲ್ಲಿ ಇಟ್ಟ ಹೆಸರು ರಾವೋರ್ಕೆಸ್ಟಿಸ್. ಅದರಲ್ಲಿರುವ ರಾವ್ ಇದೇ ನಾರಾಯಣರಾಯರು.

ಕನ್ನಡದ ಪದಗಳೇ ಈಗ ಈ ಎರಡು ಪದದ ಹೆಸರುಗಳ ಪಟ್ಟಿಯೊಳಗೆ ಹೋಗುತ್ತಿವೆ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಒಂದು ಕಪ್ಪೆ ಇದೆ. ಕಡ್ಡಿಗೆ ಮೊಟ್ಟೆ ಅಂಟಿಸಿದ ಮೇಲೆ ಗಂಡು ಕಪ್ಪೆ ತೊರೆಯ ತಳದಿಂದ ಮುಂಗಾಲಿನಲ್ಲಿ ಕೆಸರು ತಂದು ಮೆತ್ತುತ್ತದೆ, ಒಣಗದಿರಲಿ ಅಂತ. ಗುರುರಾಜ ಮತ್ತು ಗೆಳೆಯರು 2014ರಲ್ಲಿ ಅದಕ್ಕೆ ಕುಂಬಾರ ಅಂತಲೇ ಹೆಸರಿಟ್ಟರು.

ಕೊನೆಯದು ಕಾಳಿಂಗ. ನಾಗರಹಾವಿನ ಮನೆತನ ನಾಜಾ. ಕಾಳಿಂಗ ಹೆಡೆ ಎತ್ತಿದರೂ ಆ ಮನೆತನದ್ದಲ್ಲ, ಅದರದ್ದು ಬೇರೆ ಜಾತಿ, ಒಫಿಯೊಫೇಗಸ್. ಹಾವು ತಿನ್ನುವವನು ಅಂತ ಅರ್ಥ. 1836ರಲ್ಲಿ ಕ್ಯಾಂಟರ್ ಅನ್ನುವವನು ಅದನ್ನು ಮೊದಲು ವಿವರಿಸಿದ. ತೀರಾ ಇತ್ತೀಚಿನವರೆಗೂ ನಮ್ಮ ಆಗುಂಬೆಯ ಕಾಳಿಂಗವೂ ಫಿಲಿಪ್ಪೀನ್ಸಿನ ಕಾಳಿಂಗವೂ ಒಂದೇ ಪ್ರಭೇದ ಅಂತ ಲೆಕ್ಕವಿತ್ತು. ಆಗುಂಬೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಪಿ. ಗೌರಿಶಂಕರ್ ಅವರಿಗೆ 2005ರಲ್ಲಿ ಕಾಳಿಂಗವೇ ಕಚ್ಚಿತ್ತು. ಥಾಯ್ಲೆಂಡಿನ ಕಾಳಿಂಗದ ವಿಷಕ್ಕೆ ಮಾಡಿದ ಔಷಧ ಕೊಟ್ಟರೆ ಅದು ಸರಿಯಾಗಿ ನಾಟಲಿಲ್ಲ. ಹಾವು ಒಂದೇ ಆದರೆ ಔಷಧ ಯಾಕೆ ಕೆಲಸ ಮಾಡಲಿಲ್ಲ? ಅವರೂ ಇಂದ್ರನೀಲ್ ದಾಸ್, ವೂಲ್ಫ್‌ಗಾಂಗ್ ವೂಸ್ಟರ್ ಮುಂತಾದವರೂ ಸೇರಿ ಬೇರೆಬೇರೆ ದೇಶಗಳ ಕಾಳಿಂಗಗಳ ಡಿಎನ್ಎ ನೋಡಿದರು, ಮ್ಯೂಸಿಯಂಗಳಲ್ಲಿದ್ದ ಹಾವುಗಳ ಹುರುಪೆ, ಪಟ್ಟೆ, ಹಲ್ಲು ನೋಡಿದರು. 2024ರಲ್ಲಿ ಒಂದರ ಬದಲು ನಾಲ್ಕು ಪ್ರಭೇದ ಅಂತ ಪ್ರಕಟಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಒಫಿಯೊಫೇಗಸ್ ಕಾಳಿಂಗ ಅಂತ ಹೆಸರು. ನಮ್ಮ ಅಜ್ಜಂದಿರ ಬಾಯಲ್ಲಿದ್ದ ಪದವೇ.

ಇದು ಬರೀ ಹೆಸರಿನ ಆಟ ಅಲ್ಲ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸಿಗುವ ಹಾವಿನ ವಿಷದ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಅದರಲ್ಲಿ ಕಾಳಿಂಗ ಇಲ್ಲ. ಮುಂದೆ ಯಾರಾದರೂ ಮಾಡುವುದಾದರೆ ಯಾವ ಕಾಳಿಂಗದ ವಿಷ ತಗೊಳ್ಳಬೇಕು ಅನ್ನುವುದು ಈಗ ಗೊತ್ತಾಯಿತು. ಇನ್ನೊಂದು, ಇಡೀ ಏಷ್ಯಾದ ಕಾಳಿಂಗಗಳನ್ನು ಒಟ್ಟಿಗೆ ಎಣಿಸುವುದಕ್ಕೂ ಘಟ್ಟದ ಈ ಒಂದು ಪಟ್ಟಿಯಲ್ಲಿ ಮಾತ್ರ ಇರುವುದನ್ನು ಎಣಿಸುವುದಕ್ಕೂ ವ್ಯತ್ಯಾಸ ಇದೆ. ಇಲ್ಲಿಯ ಕಾಡು ಹೋದರೆ ಬೇರೆ ಎಲ್ಲಿಂದಲೂ ಅದನ್ನು ತರಲು ಆಗುವುದಿಲ್ಲ.

ಗುರುತು ಹೇಗೆ ಅಂತ ಆಗಲೇ ಒಬ್ಬರು ಕೇಳಿದರು. ಬೆಳೆದ ಘಟ್ಟದ ಕಾಳಿಂಗದ ಮೈಮೇಲೆ ಮಾಸಲು ಪಟ್ಟೆಗಳು 40ಕ್ಕಿಂತ ಕಡಿಮೆ, ಪಟ್ಟೆಯ ಅಂಚಿಗೆ ಕಪ್ಪು ಗೆರೆ ಇರುವುದಿಲ್ಲ. ಉತ್ತರ ಭಾರತದ ಕಡೆಯ ಕಾಳಿಂಗಕ್ಕೆ ಪಟ್ಟೆ ಇನ್ನೂ ಜಾಸ್ತಿ ಇರಬಹುದು, ಅಂಚಿಗೆ ಕಪ್ಪು ಗೆರೆಯೂ ಇರುತ್ತದೆ. ತೋಟಕ್ಕೆ ಕಾಳಿಂಗ ಬಂದಾಗ ನಿಮ್ಮಲ್ಲಿ ಕೆಲವರಾದರೂ ದೂರದಿಂದ ಫೋಟೋ ತೆಗೆದಿರುತ್ತೀರಿ. ಮನೆಗೆ ಹೋಗಿ ಫೋನಿನಲ್ಲಿ ಎಣಿಸಿ ನೋಡಿ. ಫೋಟೋದಲ್ಲಿ ಮಾತ್ರ, ಹಾವಿನ ಹತ್ತಿರ ಹೋಗಿ ಅಲ್ಲ. 40 ದಾಟಿದರೆ ನನಗೊಂದು ಫೋನ್ ಮಾಡಿ.